ಕುಸಿದ ಬೆನ್ನಿಗೆ ಮುಕ್ಕಾಲು ಕಿಲೋ ಚೀಲ: ನನ್ನ ಅನುಭವ

ಮೂಳೆ ಟೊಳ್ಳಾಗಿ ಬೆನ್ನುಮೂಳೆಯ ಮಣಿ ಕುಸಿದವರಿಗೆ ಗೊತ್ತೇ ಇದೆ: ಚುಚ್ಚುವ ನೋವು ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ, ಗೂನು ಉಳಿಯುತ್ತದೆ. ನಾನು ಉಡುಪಿಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ರವಿಕೆ ಹೊಲಿದವಳು. ಆ ಗೂನಿಗೆ ಬೆನ್ನ ಮೇಲೆ ಹಾಕಿಕೊಳ್ಳುವ ಸಣ್ಣ ಭಾರದ ಚೀಲ ಹೊಲಿದುಕೊಂಡ ಕಥೆ ಇದು. ನನ್ನ ಗೂನನ್ನೂ ಟೇಪಿನಲ್ಲೇ ಅಳೆದೆ. ಎತ್ತರ ಸುಮಾರು ಎರಡು ಇಂಚು ಹೋಗಿತ್ತು. ನನ್ನ ರವಿಕೆಗೆ ಹಿಂದಿನ ಉದ್ದ ಒಂದೂವರೆ ಇಂಚು ಹೆಚ್ಚು ಬೇಕಾಗುತ್ತಿತ್ತು, ಮುಂದೆ ಬಟ್ಟೆ ಮಡಚಿಕೊಳ್ಳುತ್ತಿತ್ತು. ಪಕ್ಕೆಲುಬು ಸೊಂಟಕ್ಕೆ ತಾಗಿದ ಹಾಗೆ, ಅರ್ಧ ಊಟಕ್ಕೇ ಎದೆ ಉರಿ. ಗೋಡೆಗೆ ಬೆನ್ನು ಕೊಟ್ಟು ನಿಂತರೆ ತಲೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಹೋಗುತ್ತಿತ್ತು.

ದುಡ್ಡು ಹೋದದ್ದನ್ನು ಹೇಳಲೇಬೇಕು. ಟೇಲರ್ ಬ್ರೇಸ್, ಅಂದರೆ ಬೆನ್ನು ಬಗ್ಗದ ಹಾಗೆ ಭುಜದಿಂದ ಸೊಂಟಕ್ಕೆ ಕಟ್ಟುವ ಗಟ್ಟಿ ಪಟ್ಟಿ, ಅದಕ್ಕೆ ಎರಡೂವರೆ ಸಾವಿರದ ಹತ್ತಿರ. ಮೊದಲ ವಾರಗಳಿಗೆ ಅದು ಬೇಕು, ಸರಿ. ಆದರೆ ನಮ್ಮ ಊರಿನ ಸೆಖೆಗೆ ಒಳಗೆಲ್ಲ ಬೆವರುಸಾಲೆ, ಬಿಚ್ಚಿದರೆ ಬೆನ್ನು ಮೊದಲಿಗಿಂತ ಬೇಗ ಸೋಲುತ್ತಿತ್ತು. ಅಯಸ್ಕಾಂತದ ಬೆಲ್ಟಿಗೆ ಸಾವಿರದ ಚಿಲ್ಲರೆ, ಸುಮ್ನೆ ದಂಡ. ಎಣ್ಣೆ ತಿಕ್ಕಿಸಿದ್ದಕ್ಕೆ ಸಲಕ್ಕೆ ಐನೂರೋ ಆರುನೂರೋ. ಒಳ್ಳೆ ನಿದ್ದೆ ಬಂತು, ಅಷ್ಟೇ. ಒಂದು ಯೋಗ ತರಗತಿಯಲ್ಲಿ ಬಗ್ಗಿ ಕಾಲ್ಬೆರಳು ಮುಟ್ಟಿ ಎಂದರು. ನಾನು ಎದ್ದು ಬಂದೆ. 1984ರಲ್ಲೇ ಅಮೆರಿಕದ ಮೇಯೊ ಕ್ಲಿನಿಕ್‌ನವರು ನಮ್ಮಂಥ 59 ಹೆಂಗಸರನ್ನು ನೋಡಿ ಬರೆದಿದ್ದಾರೆ. ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಮಂದಿಗೆ ಮತ್ತೆ ಮಣಿ ಕುಸಿದಿತ್ತು, ಬೆನ್ನನ್ನು ಹಿಂದಕ್ಕೆ ಎಳೆಯುವ ವ್ಯಾಯಾಮದವರಲ್ಲಿ ನೂರಕ್ಕೆ 16. ಗುಂಪು ಸಣ್ಣದು, ಆದರೂ ನನಗೆ ಅಷ್ಟು ಸಾಕಾಯಿತು.

ಚೀಲದ ವಿಷಯ ತೆಗೆದದ್ದು ನನ್ನ ಫಿಸಿಯೋ. ಭುಜದ ಹಲಗೆಯ ಕೆಳಗೆ ಬೆನ್ನಿಗೆ ಅಂಟಿಕೊಂಡು ಕೂರುವ ಸಣ್ಣ ಭಾರ. ಅದು ಹಿಂದಕ್ಕೆ ಎಳೆಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ತಂಗಿ ಕೇಳಿ ಬೈದಳು. "ಅಕ್ಕಾ, ಮುರಿದ ಬೆನ್ನಿಗೆ ಭಾರ ಕಟ್ಟುವುದಾ? ನಿಂಗೆ ಮರ್ಲಾ?" ಪಕ್ಕದ ಮನೆಯ ಹಳೆ ನರ್ಸಮ್ಮನೂ ತಲೆ ಅಲ್ಲಾಡಿಸಿದರು.

ಚೀಲ ಹೊಲಿಯುವುದು ನನಗೆ ಎಡಗೈ ಕೆಲಸ. ಕಷ್ಟ ಆದದ್ದು ಒಳಗೆ ಏನು ತುಂಬುವುದು ಎಂದು. ಅಕ್ಕಿ ತುಂಬಿದೆ, ಆಟಿಯ ಮಳೆಗೆ ಮುಗ್ಗುಲು ಹಿಡಿದು ಹುಳವಾಯಿತು. ಮರಳು ಸಂದಿಯಿಂದ ಉದುರಿತು, ಮತ್ತೆ ಎಲ್ಲ ಅಡಿಗೆ ಇಳಿದು ಸೊಂಟದ ಮೇಲೆ ಕೂರುತ್ತಿತ್ತು. ಹುಣಸೆ ಬೀಜಕ್ಕೆ ತೂಕ ಸಾಲದು. ಕೊನೆಗೆ ಮಲ್ಪೆಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ತರಿಸಿದೆ. ಕಿಲೋಗೆ ಮುನ್ನೂರರ ಆಸುಪಾಸು. ಸೀಸ ಅಲ್ವಾ, ದಪ್ಪ ರೆಕ್ಸಿನ್ನಿನಲ್ಲಿ ಎರಡು ಸುತ್ತು ಹೊಲಿದು ಮುಚ್ಚಬೇಕು, ಕೈ ಸೋಪಿನಲ್ಲಿ ತೊಳೆಯಬೇಕು, ಮಕ್ಕಳಿಗೆ ಸಿಗಬಾರದು. ಗುಂಡು ತುಂಬುವ ಕಂಡಿ (ಖಾನೆ) ಉದ್ದಕ್ಕೆ ಹೊಲಿದರೆ ಗುಂಡು ಜಾರುತ್ತದೆ, ಅಡ್ಡಕ್ಕೆ ಹೊಲಿಯಿರಿ. ಪಟ್ಟಿ ಭುಜದಿಂದ ಜಾರದ ಹಾಗೆ ನಾನು ಹಾಕುವ ಕತ್ತರಿ ಬೇರೆಯೇ ಇದೆ. ಅದು ನನ್ನ ಕಸುಬಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ಕಾಲು ಕಿಲೋದಿಂದ ಶುರು ಮಾಡಿ ನಿಧಾನ ಮುಕ್ಕಾಲಿಗೆ ಬಂದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಅದನ್ನು ಹಾಕಿಕೊಂಡೇ ಮನೆಯೊಳಗೆ ಓಡಾಟ. ಮಧ್ಯಾಹ್ನ ಚೀಲ ಇಲ್ಲದೆ ಅಂಗಾತ ಮಲಗಿ ಮೊಣಕೈ ಹಾಸಿಗೆಗೆ ಒತ್ತುವುದು. ಮೊದಲ ತಿಂಗಳು ಏನೂ ಕಾಣಲಿಲ್ಲ. ನಾಲ್ಕೈದು ತಿಂಗಳಿಗೆ ಗೋಡೆಯ ಸಂದು ಎರಡು ಬೆರಳಿಗೆ ಇಳಿಯಿತು. ಹತ್ತು ನಿಮಿಷ ನಿಲ್ಲಲಾಗದವಳು ಈಗ ಮುಕ್ಕಾಲು ಗಂಟೆ ನಿಂತು ನೀರುದೋಸೆ ಹೊಯ್ಯುತ್ತೇನೆ. ತಂಗಿಯೇ ಈಗ ನಾಲ್ಕು ಜನರಿಗೆ ಹೇಳಿಕೊಂಡು ತಿರುಗುತ್ತಾಳೆ! ಕುಸಿದ ಮಣಿ ಏಳುವುದಿಲ್ಲ, ಹೋದ ಎತ್ತರವೂ ಬಂದಿಲ್ಲ. ಮೂಳೆ ಸವೆಯದ ಹಾಗೆ ವರ್ಷಕ್ಕೊಂದು ಕೊಡುವ ಝೋಲೆಡ್ರಾನಿಕ್ ಡ್ರಿಪ್ಪನ್ನೂ ಬಿಟ್ಟಿಲ್ಲ. ಮೂಳೆಗೆ ಔಷಧ, ಸ್ನಾಯುವಿಗೆ ಚೀಲ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿ, ಅಡಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆ. ಕುತ್ತಿಗೆಗೆ ಬಹಳ ಆರಾಮ. ತೆಂಗಿನಕಾಯಿ ತುರಿಯುವುದನ್ನು ಮೇಜಿಗೆ ಸಿಕ್ಕಿಸುವ ತುರಿಮಣೆಗೆ ಬದಲಿಸಿದೆ. ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ರಸ್ತೆಯ ಒಂದು ಗುಂಡಿಯ ಕುಲುಕಾಟ ಸಾಕು, ಇನ್ನೊಂದು ಮಣಿ ಹೋಗಲು.

ಈಗ ಕಾಪು, ಕುಂದಾಪುರದ ಕಡೆಯಿಂದಲೂ ಚೀಲ ಕೇಳಿಕೊಂಡು ಬರುತ್ತಾರೆ. ಬಟ್ಟೆ, ಗುಂಡಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ. ಆದರೆ ಎಷ್ಟು ತೂಕ ಎಂದು ಫಿಸಿಯೋ ಬರೆದುಕೊಟ್ಟ ಚೀಟಿ ತರಬೇಕು. ಮಣಿ ಕುಸಿದು ಮೂರು ತಿಂಗಳು ಆಗದವರಿಗೆ, ಎಷ್ಟು ಕೇಳಿದರೂ ಹೊಲಿದು ಕೊಡುವುದಿಲ್ಲ.