ದೋಣಿ ಮೋಟಾರಿಗೆ ನೀರು ಹತ್ತಬೇಕಾದರೆ

ಮೇ ತಿಂಗಳ ಕೊನೆಗೆ ಕುಶಾಲನಗರದ ಕಡೆ ಒಂದು ಸದ್ದು ಕೇಳಿದರೆ ನನ್ನ ಹೊಟ್ಟೆ ಚುರುಕ್ ಅನ್ನುತ್ತದೆ. ಶೆಡ್ಡಿನಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿಟ್ಟ ಔಟ್‌ಬೋರ್ಡ್ ಮೋಟಾರನ್ನು, ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಮೋಟಾರನ್ನು, ಯಾರೋ ನೀರಿಲ್ಲದೆ ಸ್ಟಾರ್ಟ್ ಮಾಡಿದ ಸದ್ದು ಅದು. ಕೇಳಿದರೆ "ಸುಮ್ನೆ ಎರಡೇ ನಿಮಿಷ, ಸ್ಟಾರ್ಟ್ ಆಗುತ್ತಾ ಅಂತ ನೋಡಿದೆ" ಅನ್ನುತ್ತಾರೆ. ಆ ಎರಡು ನಿಮಿಷಕ್ಕೆ ಒಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರೆತ್ತುವ ಪಂಪಿನ ರೆಕ್ಕೆಚಕ್ರ, ಸೀದುಹೋಗಿರುತ್ತದೆ.

2018 ಮತ್ತು 2019ರ ನೆರೆ ಕಂಡ ಮೇಲೆ ಕಾವೇರಿ ದಂಡೆಯವರಿಗೆ ಮೋಟಾರು ಬೋಟು ಶೋಕಿಯ ವಸ್ತುವಲ್ಲ. ನೀರು ಮನೆ ಬಾಗಿಲಿಗೆ ಬಂದ ದಿನ ಅದು ಕೈಕೊಟ್ಟರೆ ಏನು ಗತಿ? ಅದಕ್ಕೇ ಮಳೆ ಹಿಡಿಯುವ ಮೊದಲು ಈ ಪಂಪು ಬಿಚ್ಚಿ ನೋಡಲು ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ಈ ಮೋಟಾರಿಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಪ್ರೊಪೆಲ್ಲರ್ ಪಕ್ಕದ ಜಾಲರಿಯಿಂದ ಹೊಳೆ ನೀರನ್ನೇ ಎಳೆದುಕೊಳ್ಳುತ್ತದೆ. ಇಂಪೆಲ್ಲರ್ ಅದನ್ನು ಒಂದು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ, ನೀರು ಎಂಜಿನ್ ಸುತ್ತಿ ಹೊಗೆಯ ಜೊತೆ ಕೆಳಗೆ ಇಳಿಯುತ್ತದೆ. ಒಂದು ಸಣ್ಣ ಧಾರೆ ಮಾತ್ರ ಹಿಂದಿನ ತೂತಿನಿಂದ ಹೊರಗೆ ಚಿಮ್ಮುತ್ತದೆ. ಆ ತೂತಿಗೆ ಮೆಕ್ಯಾನಿಕ್‌ಗಳು ಇಟ್ಟಿರುವ ಹೆಸರು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಕಾಫಿ ಕಣದಲ್ಲಿ ಹಳೇ ಬಿಳಿ ಪಂಚೆ ಹಾಸಿ ಕೂರಿ. ಹುಲ್ಲಿನ ಮೇಲೆ ಬೇಡ, ಯಾಕೆಂದು ಆಮೇಲೆ ಗೊತ್ತಾಗುತ್ತದೆ. ಪ್ಲಗ್ ವಯರ್ ಕಳಚಿ, ಗೇರ್ ಬದಲಿಸುವ ಕಡ್ಡಿ ಬಿಚ್ಚಿ, ಬೋಲ್ಟು ತೆಗೆದು ಗೇರ್ ಕೇಸ್, ಅಂದರೆ ಪ್ರೊಪೆಲ್ಲರ್ ಇರುವ ಕೆಳಭಾಗ, ಕೆಳಗಿಳಿಸಿ. ಅದರ ಮೇಲೇ ಪಂಪಿನ ಡಬ್ಬಿ ಇರುತ್ತದೆ.

ಹಳೇ ಇಂಪೆಲ್ಲರಿನ ರೆಕ್ಕೆ ಎಣಿಸಿ. ಕಳೆದ ವರ್ಷ ಒಬ್ಬರ ಮೋಟಾರಿನಲ್ಲಿ ಮೂರು ರೆಕ್ಕೆ ಮುರಿದಿತ್ತು. ಎರಡು ಡಬ್ಬಿಯಲ್ಲೇ ಸಿಕ್ಕಿತು. ಮೂರನೆಯದನ್ನು ಯಾರೂ ಹುಡುಕಲಿಲ್ಲ, ಹೊಸದು ಹಾಕಿ ಮುಚ್ಚಿದರು. ವಾರದೊಳಗೆ ಎಂಜಿನ್ ಮತ್ತೆ ಕಾಯ್ತು. ನಾನು ಬಿಚ್ಚಿ ನೋಡಿದಾಗ ಆ ಕರಿ ತುಂಡು ಥರ್ಮೋಸ್ಟಾಟಿನ (ಎಂಜಿನ್ ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ಬಾಯಿಗೆ ಬಿರಡೆಯ ಹಾಗೆ ಕೂತಿತ್ತು. ಮುರಿದಷ್ಟೂ ತುಂಡು ಕೈಗೆ ಸಿಗುವ ತನಕ ಮುಚ್ಚಬೇಡಿ.

ರೆಕ್ಕೆ ಎಲ್ಲ ಸರಿಯಿದ್ದರೂ ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದರೆ ಬದಲಿಸಿ. ಅದನ್ನೇ ತಿರುಗಿಸಿ ಹಾಕುವ ಜಾಣತನ ಬೇಡ, ಬಾಗಿದ ರಬ್ಬರು ಉಲ್ಟಾ ಮಡಿಸಿದರೆ ಮುರಿಯುತ್ತದೆ. ಡಬ್ಬಿಯ ಒಳಗೋಡೆ, ಅಡಿ ತಗಡು ಎರಡರ ಮೇಲೂ ಉಗುರು ಎಳೆಯಿರಿ. ಗೀರು ಉಗುರಿಗೆ ಸಿಕ್ಕರೆ ಅವೂ ಹೊಸದೇ ಬೇಕು. ನಮ್ಮ ಮಳೆಗಾಲದ ಕೆಂಪು ನೀರಲ್ಲಿ ಇರುವ ಮರಳು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಅಗ್ಗದ ನಕಲಿ ಇಂಪೆಲ್ಲರ್ ಕೊಳ್ಳಲೇಬೇಡಿ. ಅದರ ರಬ್ಬರು ಮೊದಲ ದಿನವೇ ಗಟ್ಟಿ, ಬೆರಳಲ್ಲಿ ಬಗ್ಗಿಸಿದರೆ ಗೊತ್ತಾಗುತ್ತದೆ. ನಾನಂತೂ ವರ್ಷಕ್ಕೊಂದು ಕಂಪನಿಯದ್ದೇ ಹಾಕುತ್ತೇನೆ.

ಇಂಪೆಲ್ಲರನ್ನು, ಎಂಜಿನ್ನಿನಿಂದ ಕೆಳಗಿಳಿಯುವ ಶಾಫ್ಟಿಗೆ ಹಿಡಿದಿಡುವುದು ಬೆರಳ ತುದಿಯಷ್ಟು ಸಣ್ಣ ಕೀ ಅನ್ನುವ ತುಂಡು. ಪಂಚೆ ಹಾಸಿ ಅಂದದ್ದು ಇದಕ್ಕೇ. ಒಂದು ಚೂರು ಗ್ರೀಸ್ ಹಚ್ಚಿ ಅದರ ಜಾಗದಲ್ಲಿ ಅಂಟಿಸಿ, ಆಮೇಲೆ ಇಂಪೆಲ್ಲರ್ ಇಳಿಸಿ. ರೆಕ್ಕೆಗಳಿಗೆ ಸೋಪು ನೀರು ಅಥವಾ ಗ್ಲಿಸರಿನ್ ಸವರಿ, ಎಂಜಿನ್ ಆಯಿಲ್ ಬೇಡ. ಶಾಫ್ಟನ್ನು ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸುತ್ತಾ ಡಬ್ಬಿಯನ್ನು ಮೆಲ್ಲಗೆ ಒತ್ತಿ. ರೆಕ್ಕೆಗಳು ತಾವಾಗಿಯೇ ಹಿಂದಕ್ಕೆ ಮಡಿಚಿ ಒಳಗೆ ಹೋಗುತ್ತವೆ. ಹೆಚ್ಚುಕಮ್ಮಿ ಎಲ್ಲ ಮೋಟಾರಿಗೂ ದಿಕ್ಕು ಇದೇ. ಗ್ಯಾಸ್ಕೆಟ್ ಹೊಸದಿರಲಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಕೆಡುವುದು ಇನ್ನು ಮುಂದೆ. ಗೇರ್ ಕೇಸನ್ನು ಮೇಲೆ ಏರಿಸುವಾಗ ಮೂರು ಒಂದೇ ಸಲ ಕೂರಬೇಕು: ಶಾಫ್ಟಿನ ಹಲ್ಲು, ಗೇರ್ ಕಡ್ಡಿ, ನೀರಿನ ಕೊಳವೆ. ಮೊದಲ ಎರಡು ಕೂರದಿದ್ದರೆ ಗೇರ್ ಕೇಸ್ ಮುಚ್ಚುವುದಿಲ್ಲ ಅಥವಾ ಗೇರ್ ಬೀಳುವುದಿಲ್ಲ, ತಪ್ಪು ಗೊತ್ತಾಗುತ್ತದೆ. ಕೊಳವೆ ಹಾಗಲ್ಲ. ಅದು ರಬ್ಬರ್ ಬುಷ್ಷಿನೊಳಗೆ ಹೋಗದೆ ಪಕ್ಕಕ್ಕೆ ಜಾರಿದರೂ ಎಷ್ಟೋ ಸಲ ಬೋಲ್ಟು ಪೂರ್ತಿ ಬಿಗಿಯಾಗುತ್ತದೆ, ಮೋಟಾರು ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಪಂಪು ಎತ್ತಿದ ನೀರು ಮಾತ್ರ ಮೋಟಾರಿನ ಉದ್ದ ಕಾಲಿನೊಳಗೇ ಸುರಿದುಹೋಗುತ್ತದೆ. ಎಂಜಿನ್ನಿಗೆ ಒಂದು ಹನಿಯೂ ಇಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು. ಕೊಳವೆಯ ತುದಿ ಬಾಗಿದೆಯಾ ನೋಡಿ, ಸೋಪು ನೀರು ಹಚ್ಚಿ. ಒಬ್ಬರು ಗೇರ್ ಕೇಸನ್ನು ನೇರವಾಗಿ ಎತ್ತಲಿ. ಇನ್ನೊಬ್ಬರು ಸಂದಿಯಲ್ಲಿ ಟಾರ್ಚ್ ಹಿಡಿದು ಕೊಳವೆಯನ್ನು ಬೆರಳಿನಿಂದ ಬುಷ್ಷಿನ ಬಾಯಿಗೆ ತೋರಿಸಲಿ. ಕೊಳವೆ ಸಿಕ್ಕ ಮೇಲೆ, ಶಾಫ್ಟಿನ ಹಲ್ಲು ಕಚ್ಚದಿದ್ದರೆ, ಎಂಜಿನ್ ಮೇಲಿನ ಚಕ್ರವನ್ನು (ಫ್ಲೈವೀಲ್) ಕೈಯಲ್ಲಿ ಅದೇ ಗಡಿಯಾರದ ದಿಕ್ಕಿಗೆ ಒಂಚೂರು ತಿರುಗಿಸಿ. ಸಂದಿ ಕೈಯ ಒತ್ತಡಕ್ಕೇ ಮುಚ್ಚಬೇಕು. ಬೋಲ್ಟು ಬಿಗಿದು ಎಳೆದುಕೊಳ್ಳುವುದು ಖಂಡಿತ ಬೇಡ. ಶಾಫ್ಟಿನ ಹಲ್ಲಿನ ಪಕ್ಕಕ್ಕೆ ಗ್ರೀಸ್ ಇರಲಿ, ನೆತ್ತಿಗೆ ಬೇಡ. ನೆತ್ತಿಯಲ್ಲಿ ಗ್ರೀಸ್ ಗಡ್ಡೆ ಕಟ್ಟಿದರೆ ಶಾಫ್ಟು ಪೂರ್ತಿ ಏರುವುದಿಲ್ಲ.

ಇನ್ನು ಥರ್ಮೋಸ್ಟಾಟ್. "ಇದನ್ನ ಕಿತ್ತು ಬಿಸಾಕಿ, ಮೋಟಾರು ಕಾಯೋದೇ ಇಲ್ಲ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹೊಳೆ ನೀರು ತಣ್ಣಗಿರುವ ಡಿಸೆಂಬರಿನಲ್ಲಿ ಹಾಗೆ ಓಡಿಸಿದರೆ ಎಂಜಿನ್ ಬಿಸಿಯೇ ಆಗುವುದಿಲ್ಲ. ಪ್ಲಗ್ ಮಸಿ ಹಿಡಿಯುತ್ತದೆ, ನಾಲ್ಕು ಸ್ಟ್ರೋಕಿನದಾದರೆ ಪೆಟ್ರೋಲ್ ಆಯಿಲಿಗೆ ಸೇರುತ್ತದೆ. ಅನುಮಾನ ಇದ್ದರೆ ದಾರ ಕಟ್ಟಿ ಪಾತ್ರೆಯ ನೀರಲ್ಲಿ ಇಳಿಬಿಟ್ಟು ಕಾಯಿಸಿ. ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಾಯಿ ತೆರೆಯುತ್ತದೆ. ಅಡುಗೆಮನೆಯ ಪಾತ್ರೆ ಮಾತ್ರ ತರಬೇಡಿ, ಬೈಸಿಕೊಂಡಿದ್ದೇನೆ.

ಪರೀಕ್ಷೆಗೆ 200 ಲೀಟರಿನ ಡ್ರಮ್ಮು ಸಾಕು. ಪ್ರೊಪೆಲ್ಲರ್ ಬಿಚ್ಚಿಡಿ. ನೀರು ಪಂಪಿನ ಡಬ್ಬಿಗಿಂತ ಮೇಲಿರಲಿ. ಐಡ್ಲಿಂಗಿನಲ್ಲಿ ಅರ್ಧ ನಿಮಿಷ ಕಳೆದರೂ ಧಾರೆ ಬರದಿದ್ದರೆ ಆಫ್ ಮಾಡಿ. ತೂತು ಕಟ್ಟಿದ್ದರೆ ಗಾಳದ ನೈಲಾನ್ ದಾರ ತೂರಿಸಿ, ಕಂಬಿ ಬೇಡ. ಅದು ಬಿಡಿಸಿದರೂ ನೀರಿಲ್ಲ ಅಂದರೆ ಹೆಚ್ಚಾಗಿ ಕೊಳವೆಯೇ ಜಾರಿರುತ್ತದೆ, ಗೇರ್ ಕೇಸ್ ಮತ್ತೆ ಇಳಿಸಿ.

ಹಾರಂಗಿ ಜಲಾಶಯದಂಥ ಅಗಲದ ನೀರಲ್ಲಿ ಜಾಸ್ತಿ ಸ್ಪೀಡ್ ಬೇಕು ಅಂತ ಮೋಟಾರನ್ನು ಮೇಲಕ್ಕೆ ಎತ್ತಿ ಕಟ್ಟುವವರಿಗೆ ಇನ್ನೊಂದು ಮಾತು. ತುಂಬಾ ಎತ್ತಿದರೆ ಜಾಲರಿ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ, ಅದೂ ಫುಲ್ ಥ್ರಾಟಲಿನಲ್ಲಿ. ಇಂಥ ಮೋಟಾರಿಗೆ ನೀರಿನ ಪ್ರೆಶರ್ ಗೇಜ್ ಹಾಕಿಸಲೇಬೇಕು. ಶಾಖದ ಮುಳ್ಳು ಏರುವ ಹೊತ್ತಿಗೆ ತಡವಾಗಿರುತ್ತದೆ, ಪ್ರೆಶರ್ ಮುಳ್ಳು ಗಾಳಿ ಹೊಕ್ಕ ಕೂಡಲೇ ಬೀಳುತ್ತದೆ. ಬಿದ್ದರೆ ಥ್ರಾಟಲ್ ಇಳಿಸಿ, ದಡಕ್ಕೆ ಬಂದು ಮೋಟಾರನ್ನು ಬೋಲ್ಟಿನ ಒಂದು ತೂತಿನಷ್ಟು ಕೆಳಗೆ ಕಟ್ಟಿ.