ಮನೆ ಬಿಟ್ಟು ಬಂದ ಹುಡುಗ, ಎರಡು ಸಲ

ರೈಲ್ವೆ ಸ್ಟೇಷನ್ನಿನ ಮಕ್ಕಳ ಹೆಲ್ಪ್ ಡೆಸ್ಕಲ್ಲಿ ನಾನು ಕೇಸ್ ವರ್ಕರ್. ಪ್ಲಾಟ್‌ಫಾರ್ಮಲ್ಲಿ ಮಗು ಸಿಕ್ಕಿದ್ರೆ ಜನ ಮೊದ್ಲು ಕೇಳೋದು "ಏನ್ ಮಾಡ್ಕೊಂಡ್ ಬಂದವ್ನೆ?" ಅಂತ. ಏನೂ ಮಾಡಿರಲ್ಲ ರೀ. ಸ್ಕೂಲಿಗೆ ಚಕ್ಕರ್ ಹೊಡೆಯೋದು, ಮನೆ ಬಿಟ್ಟು ಬರೋದು ನಮ್ಮ ಕಾನೂನಲ್ಲಿ ಅಪರಾಧನೇ ಅಲ್ಲ. ಅಮೆರಿಕದಲ್ಲಿ ಇದಕ್ಕೆ ಸ್ಟೇಟಸ್ ಅಫೆನ್ಸ್ ಅಂತಾರೆ, ಅಂದ್ರೆ ದೊಡ್ಡವರು ಮಾಡಿದ್ರೆ ತಪ್ಪಲ್ಲ, ಮಕ್ಕಳು ಮಾಡಿದ್ರೆ ಮಾತ್ರ ತಪ್ಪು, ಜುವೆನೈಲ್ ಕೋರ್ಟಿಗೂ ಹೋಗುತ್ತೆ, ಆದ್ರೆ 1974ರ ಕಾಯ್ದೇಲಿ ಫೆಡರಲ್ ದುಡ್ಡು ಬೇಕಾದ್ರೆ ಇಂಥ ಮಕ್ಕಳನ್ನ ಕೂಡಿಹಾಕಬಾರ್ದು ಅಂತ ಅಲ್ಲಿನ ರಾಜ್ಯಗಳಿಗೆ ಷರತ್ತು ಹಾಕಿದ್ರು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಇವ್ರು ಅಪರಾಧದ ಕೇಸ್ ನೋಡೋ ಬಾಲನ್ಯಾಯ ಮಂಡಳಿಗೆ ಹೋಗೋ ಮಕ್ಕಳಲ್ಲ, ಪ್ರಯಾಣದ ಟೈಮ್ ಬಿಟ್ಟು 24 ಗಂಟೆ ಒಳಗೆ, ರಕ್ಷಣೆ ಬೇಕಾದ ಮಕ್ಕಳನ್ನ ನೋಡ್ಕೊಳ್ಳೋ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಹೋಗ್ಬೇಕು.

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಸಿಕ್ಕಿದ. ಅವರಪ್ಪ ಬೆಳಗಿನ ಬಸ್ಸಿಗೇ ಅಳ್ತಾ ಬಂದ್ರು, ನಾನು ರಿಪೋರ್ಟಲ್ಲಿ "ತಂದೆ ಬೈದಿದ್ದಕ್ಕೆ ಮನೆ ಬಿಟ್ಟಿದ್ದಾನೆ" ಅಂತ ಒಂದೇ ಲೈನ್ ಬರೆದೆ, ಅದನ್ನ ನಂಬಿ ಸಮಿತಿ ಮನೆಗೆ ಕಳ್ಸಿತು. ಇಪ್ಪತ್ತೇ ದಿನಕ್ಕೆ ಅದೇ ಹುಡುಗ, ಅದೇ ಪ್ಲಾಟ್‌ಫಾರ್ಮ್.

ಈ ಸಲ ಏನೂ ಕೇಳ್ಲಿಲ್ಲ. ಟೀ, ಬನ್ನು ಕೊಡಿಸಿ, ಒಂದು ಹಾಳೆ ಕೊಟ್ಟು ನೀನೇ ಬರಿ ಅಂದೆ. ಹೆಸರು ಬರೆದ. ಊರ ಹೆಸರಿನ ಮಧ್ಯ ಪೆನ್ನು ನಿಂತೋಯ್ತು, ಹಾಳೆಗೆ ಇಂಕು ಇಳೀತಾ ಇದೆ, ಕೈ ಮಾತ್ರ ಮುಂದೆ ಹೋಗ್ತಿಲ್ಲ. ಆಮೇಲೆ ಮೆಲ್ಲಗೆ "ನಂಗೆ ಒತ್ತಕ್ಷರ ಬರಲ್ಲಕ್ಕ" ಅಂದ. ಕ್ಲಾಸಲ್ಲಿ ಎದ್ದು ನಿಂತು ಪಾಠ ಓದಬೇಕಿತ್ತಂತೆ, ಎಲ್ಲಾ ನಗೋರಂತೆ, ಅದಕ್ಕೆ ದಿನಾ ಬ್ಯಾಗ್ ಹಾಕ್ಕೊಂಡು ಹೊರಟು ಬಸ್‌ಸ್ಟ್ಯಾಂಡಲ್ಲಿ ಕೂತು ವಾಪಸ್ ಹೋಗ್ತಿದ್ನಂತೆ. ಮನೇಲಿ ಒಬ್ರಿಗೂ ಇದು ಗೊತ್ತಿಲ್ಲ.

ಸಮಿತಿ ಹತ್ರ ಟೈಮ್ ಕೇಳಿದೆ. ಸೋಷಿಯಲ್ ಇನ್ವೆಸ್ಟಿಗೇಷನ್‌ಗೆ, ಅಂದ್ರೆ ಮಗುವಿನ ಮನೆ, ಸ್ಕೂಲು ಎಲ್ಲಾ ವಿಚಾರಿಸಿ ನೋಡೋಕೆ, ಕಾಯ್ದೇಲೇ 15 ದಿನ ಇದೆ, ನಾವೇ ಅವಸರ ಮಾಡ್ತೀವಿ. ಹುಡುಗ ಬಾಲಮಂದಿರದಲ್ಲಿದ್ದ, ನಾನು ಅವನ ಊರಿಗೆ ಹೋಗಿ ಅಪ್ಪ ಅಮ್ಮ, ಹೆಡ್‌ಮಾಸ್ಟ್ರು ಎಲ್ಲರ ಜೊತೆ ಕೂತು ಮಾತಾಡಿದೆ. ಸಮಿತೀಲಿ ಕಟಕಟೆ ಇರಲ್ಲ, ಮೇಜಿನ ಸುತ್ತ ಕೂರ್ತಾರೆ. ಅಪ್ಪ "ನಾಲ್ಕು ಹಾಕಿ ಬುದ್ಧಿ ಹೇಳಿ ಮೇಡಂ" ಅಂದಾಗ ಅಧ್ಯಕ್ಷರು ಆ ಹಾಳೇನ ಅವರ ಕೈಗೆ ಕೊಟ್ರು. ಅವರು ತುಂಬಾ ಹೊತ್ತು ನೋಡಿ "ನನಗೂ ಓದೋಕೆ ಬರಲ್ಲಮ್ಮ" ಅಂದ್ರು.

ಹುಡುಗ ಮನೆಗೇ ಹೋದ, ಆದ್ರೆ ಈ ಸಲ ಫಾಲೋ ಅಪ್ ಆರ್ಡರ್ ಜೊತೆಗೆ. ಕ್ಲಾಸಲ್ಲಿ ಎದ್ದು ಓದಿಸಲ್ಲ ಅಂತ ಹೆಡ್‌ಮಾಸ್ಟ್ರು ಒಪ್ಪಿದ್ರು, ಸಂಜೆ ಒಬ್ರು ಟೀಚರ್ ಕೂರಿಸ್ಕೊಂಡು ಕಲಿಸಿದ್ರು. ಈಗ ನಾನು ಮನೆ ನೋಡಿ ಬರೋವರೆಗೂ ರಿಪೋರ್ಟಲ್ಲಿ "ಕಾರಣ" ಅನ್ನೋ ಕಾಲಂ ಖಾಲಿ ಬಿಡ್ತೀನಿ.