ಹಳೇ ಚೀನೀ ಕಪಾಟು ಮನೆಗೆ ತಂದಿರಾ? ಬಡಗಿಯನ್ನು ಕರೆಯುವ ಮೊದಲು ಇದನ್ನು ಓದಿ

ಸಿಂಗಪುರದಲ್ಲಿರುವ ಗೆಳೆಯರೊಬ್ಬರು ತಮ್ಮ ಫ್ಲ್ಯಾಟಿಗೆ ಒಂದು ಹಳೇ ಚೀನೀ ಕಪಾಟು ತಂದರು. ಶಾನ್ಷಿ ಪ್ರಾಂತ್ಯದ್ದು, ಎಲ್ಮ್ ಮರದ್ದು, ಕಂದಿಗೆ ತಿರುಗಿದ ಕೆಂಪು ಬಣ್ಣ. ಮೂರು ವಾರ ಕಳೆಯುವಷ್ಟರಲ್ಲಿ ಬಾಗಿಲು ಹಿಡಿಯತೊಡಗಿತು. ಬಡಗಿ ಬಂದ, ಅಂಚಿಗೆ ಹತ್ತರಿ ಹೊಡೆದ, ಬಾಗಿಲು ಸಲೀಸಾಯಿತು. ಆಮೇಲೆ ಆ ಕೋಣೆಗೆ ಎಸಿ ಹಾಕಿಸಿದರು. ಈಗ ಎರಡು ಬಾಗಿಲುಗಳ ನಡುವೆ ಕಿರುಬೆರಳು ತೂರುತ್ತದೆ. ಕೀಸಿದ ಮರ ಮತ್ತೆ ಬರುವುದಿಲ್ಲ, ಅಲ್ವಾ?

ಇಂಥದ್ದನ್ನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಚೀನಾದ ಬಡಗಿಗಳು ಮರ ತೇವಕ್ಕೆ ಹಿಗ್ಗಿ, ಒಣ ಹವೆಗೆ ಕುಗ್ಗುತ್ತದೆ ಎಂದು ಗೊತ್ತಿದ್ದೇ ಈ ಕಪಾಟುಗಳನ್ನು ಮಾಡಿದರು. ನಾವು ಅದನ್ನು ತಡೆಯಲು ಹೋದಾಗಲೇ ಕೆಡುತ್ತದೆ.

ಮೊದಲು, ಕೊಳ್ಳುವಾಗ

ಮುಂಭಾಗವನ್ನು ಆಮೇಲೆ ನೋಡಿ. ಟಾರ್ಚ್ ಹಿಡಿದು ಹಿಂಭಾಗ, ಒಳಭಾಗ, ಕಾಲಿನ ತಳ ನೋಡಿ. ಉತ್ತರ ಚೀನಾದ ಮನೆಗಳಲ್ಲಿ ಇಟ್ಟಿಗೆಯ ನೆಲದ ತೇವ ಕಾಲಿಗೆ ಏರುತ್ತಿತ್ತು. ಹಾಗಾಗಿ ನಿಜವಾದ ಹಳೇ ಕಪಾಟಿನ ಕಾಲಿನ ತುದಿ ಸವೆದು, ಒಂದೊಂದು ಒಂದೊಂದು ಎತ್ತರ ಇರುವುದು ಸಹಜ. ಸಂಬಂಧವೇ ಇಲ್ಲದ ಜಾಗದಲ್ಲಿ ಮುಚ್ಚಿದ ಚೌಕ ತೂತುಗಳು ಕಂಡರೆ, ಕೆಡವಿದ ಮನೆಯ ತೊಲೆಯಿಂದ ಇತ್ತೀಚೆಗೆ ಮಾಡಿದ ಕಪಾಟು ಎಂದು ತಿಳಿಯಿರಿ. ಮರ ಹಳೇದು, ಕಪಾಟು ಹೊಸದು. ಬೇಕಿದ್ದರೆ ಕೊಳ್ಳಿ, ಆದರೆ ಹಳೇ ಕಪಾಟಿನ ಬೆಲೆ ಕೊಡಬೇಡಿ.

ಔಷಧಿ ಅಂಗಡಿಯ ಕಪಾಟು ಎಲ್ಲರಿಗೂ ಇಷ್ಟ. ಸಣ್ಣ ಸಣ್ಣ ಡ್ರಾಯರ್ ಸಾಲು, ಮುಖದ ಮೇಲೆ ಗಿಡಮೂಲಿಕೆಯ ಹೆಸರು. ಇದನ್ನೇ ಹೊಸದಾಗಿ ಜಾಸ್ತಿ ಮಾಡಿ ಮಾರುತ್ತಾರೆ. ಒಂದು ಡ್ರಾಯರ್ ಪೂರ್ತಿ ಹೊರಗೆಳೆಯಿರಿ. ಹಳೇದರಲ್ಲಿ ಒಳಗೆ ಎರಡೋ ಮೂರೋ ಖಾನೆ ಇರುತ್ತವೆ, ಒಂದೊಂದಕ್ಕೆ ಒಂದೊಂದು ಮೂಲಿಕೆ. ಅದನ್ನು ಪಕ್ಕದ ಗೂಡಿಗೆ ಹಾಕಿ ನೋಡಿ. ಕೈಯಲ್ಲಿ ಮಾಡಿದ್ದಾದರೆ ಅಲ್ಲಿ ಸರಿಯಾಗಿ ಕೂರುವುದು ಅಪರೂಪ. ಎಲ್ಲ ಡ್ರಾಯರ್ ಎಲ್ಲ ಕಡೆ ಹಗುರವಾಗಿ ಕೂತರೆ ಯಂತ್ರದ ಕೆಲಸ.

ಮಿಂಗ್ ರಾಜವಂಶದ ಕಾಲದ್ದು ಎಂದರೆ 1644ಕ್ಕಿಂತ ಹಿಂದಿನದು. ನಮ್ಮಂಥವರ ಕೈಗೆ ಸಿಗುವುದು ಬಹುಪಾಲು ಅದರ ನಂತರದ ಚಿಂಗ್ ವಂಶದ ಕಾಲದ ಕೊನೆಯದು ಅಥವಾ ಅದಕ್ಕೂ ಈಚಿನದು. 1911ಕ್ಕಿಂತ ಹಿಂದಿನ ಬೆಲೆಬಾಳುವ ವಸ್ತುಗಳನ್ನು ಹೊರಗೆ ಒಯ್ಯಲು ಚೀನಾದ ಕಾನೂನು ಬಿಡುವುದಿಲ್ಲ. ‘ಮಿಂಗ್ ಕಪಾಟು, ಬೀಜಿಂಗಿನಿಂದಲೇ ಕಳಿಸುತ್ತೇನೆ’ ಎನ್ನುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಮರದ ಹೆಸರಿಗೂ ಮರುಳಾಗಬೇಡಿ. ಹೈನಾನ್ ದ್ವೀಪದ ಹ್ವಾಂಗ್‌ಹ್ವಾಲಿ, ಮತ್ತು ಜಿತಾನ್: ಇವೆರಡು ರಾಜಮನೆತನದ ಮರಗಳು. ಜಿತಾನ್ ಎಂದರೆ ನಮ್ಮ ಪಕ್ಕದ ಆಂಧ್ರದ ಶೇಷಾಚಲದ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನವೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಮನೆಗೆ ನನ್ನ ಆಯ್ಕೆ ಯಾವತ್ತೂ ಉತ್ತರದ ಎಲ್ಮ್. ಗಟ್ಟಿ ಮರ, ಅಲೆ ಅಲೆಯಾದ ಗೆರೆ, ನಾಲ್ಕು ಏಟು ಬಿದ್ದರೂ ಚೆಂದ ಕಾಣುತ್ತದೆ.

ಬಾಗಿಲು ಕಳಚುವುದು

ಮೇಲಿನ ಮೂಲೆ ದುಂಡಗಿದ್ದು, ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುವ ಕಪಾಟಿನಲ್ಲಿ ಕೀಲು ಇರುವುದಿಲ್ಲ. ಬಾಗಿಲ ಪಟ್ಟಿಯ ಎರಡು ತುದಿಯನ್ನೇ ಗೂಟದಂತೆ ಕೆತ್ತಿ, ಮೇಲೆ ಕೆಳಗೆ ಗುಳಿಯಲ್ಲಿ ಕೂರಿಸಿರುತ್ತಾರೆ. ನಮ್ಮ ಹಳೇ ತೊಟ್ಟಿಮನೆಗಳ ಬಾಗಿಲು ತಿರುಗುತ್ತಿದ್ದದ್ದೂ ಹೀಗೇ. ಹಿತ್ತಾಳೆ ಕಡ್ಡಿ ಎಳೆದು ಎರಡು ಬಾಗಿಲ ನಡುವಿನ ಪಟ್ಟಿ ತೆಗೆಯಿರಿ. ಬಾಗಿಲು ತೆರೆದು ನೇರ ಮೇಲಕ್ಕೆ ಎತ್ತಿ. ಕೆಳಗಿನ ಗೂಟ ಗುಳಿ ಬಿಟ್ಟ ಮೇಲೆ ನಿಮ್ಮ ಕಡೆಗೆ ಎಳೆದುಕೊಳ್ಳಿ. ಎಡ ಬಲ ಅದಲು ಬದಲಾಗದಂತೆ ಗೂಟದ ಮೇಲೆ ಪೆನ್ಸಿಲ್ ಗುರುತು ಹಾಕಿ. ಚೌಕ ಮೂಲೆಯ ಕಪಾಟಿಗೆ ಹಿತ್ತಾಳೆ ಕೀಲು ಇರುತ್ತದೆ. ಅದನ್ನು ಮುಟ್ಟಬೇಡಿ.

ಕೆಲವದರಲ್ಲಿ ಬಾಗಿಲ ಕೆಳಗೆ, ತಳದ ಹಲಗೆ ಎತ್ತಿದರೆ ಕಾಣುವ ಗುಪ್ತ ಖಾನೆ ಇರುತ್ತದೆ. ಅದನ್ನೂ ಗುಡಿಸಿ. ಹುಳ ಕೊರೆದ ಹಿಟ್ಟು ಮೊದಲು ಕಾಣುವುದು ಅಲ್ಲೇ.

ಮಟ್ಟ ಮಾಡುವುದು: ತಪ್ಪುವುದೆಲ್ಲ ಇಲ್ಲೇ

ಬಾಗಿಲು ಹಿಡಿಯುವುದಕ್ಕೆ ಹತ್ತರಲ್ಲಿ ಏಳು ಸಲ ಕಾರಣ ಬಾಗಿಲಲ್ಲ, ನೆಲ. ಸವೆದ ಕಾಲುಗಳು ಒಂದೇ ಎತ್ತರ ಇಲ್ಲ. ನಮ್ಮ ಟೈಲ್ಸ್ ನೆಲವೂ ಸ್ನಾನದ ಮನೆಯ ಕಡೆಗೆ ಇಳಿಜಾರು. ಒಂದು ಕಾಲು ತೂಗಿದರೆ ಇಡೀ ಚೌಕಟ್ಟು ಓರೆಯಾಗುತ್ತದೆ, ಬಾಗಿಲು ಅಡ್ಡಕ್ಕೆ ಸಿಕ್ಕಿಕೊಳ್ಳುತ್ತದೆ.

ಖಾಲಿ ಕಪಾಟು ನಿಲ್ಲಿಸಿ. ರಸಮಟ್ಟವನ್ನು ನೆತ್ತಿಯ ಹಲಗೆಯ ಮೇಲೆ ಇಡಿ. ಕಾಲಿಗೆ ಆನಿಸಿ ಹಿಡಿಯಬೇಡಿ. ಎಷ್ಟೋ ಜನ ಎಡವುವುದು ಇಲ್ಲಿ. ದುಂಡು ಮೂಲೆಯ ಕಪಾಟಿನ ಕಾಲು ನೆಟ್ಟಗಿರುವುದೇ ಇಲ್ಲ. ಬೇಕೆಂದೇ ಹೊರಕ್ಕೆ ಚಾಚಿ ಮಾಡಿರುತ್ತಾರೆ. ಅದನ್ನು ನೆಟ್ಟಗೆ ಮಾಡಲು ಹೋದವರು ಕಪಾಟನ್ನೇ ವಾಲಿಸಿದ್ದನ್ನು ನೋಡಿದ್ದೇನೆ. ನೆತ್ತಿಯ ಮೇಲೆ ಎಡದಿಂದ ಬಲಕ್ಕೆ ಒಮ್ಮೆ, ಮುಂದಿನಿಂದ ಹಿಂದಕ್ಕೆ ಒಮ್ಮೆ ನೋಡಿ. ತಗ್ಗಿರುವ ಕಾಲಿನ ಕೆಳಗೆ ಗಟ್ಟಿ ಮರದ ತೆಳು ಚಕ್ಕೆ ಕೊಡಿ. ಮಡಿಸಿದ ರಟ್ಟು ಬೇಡ, ಒಂದೇ ತಿಂಗಳಲ್ಲಿ ಅದು ಚಪ್ಪಟೆಯಾಗುತ್ತದೆ. ಎತ್ತರದ ಕಾಲನ್ನು ಗರಗಸದಲ್ಲಿ ಕೊಯ್ಯುವ ಯೋಚನೆಯನ್ನಂತೂ ಮಾಡಲೇಬೇಡಿ.

ಈಗ ಬಾಗಿಲು ಮತ್ತೆ ಜೋಡಿಸಿ, ಅರ್ಧ ತೆರೆದು ಕೈಬಿಡಿ. ದುಂಡು ಮೂಲೆಯದ್ದರ ಪಕ್ಕ ಓರೆ ಇರುವುದರಿಂದ ಬಾಗಿಲು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಒಂದು ಬಾಗಿಲು ಮುಚ್ಚಿ, ಇನ್ನೊಂದು ಹಾಗೇ ನಿಂತರೆ ಮಟ್ಟ ಇನ್ನೂ ಆಗಿಲ್ಲ. ಚಕ್ಕೆ ಬದಲಿಸಿ ಮತ್ತೆ ನೋಡಿ. ನನ್ನ ಮನೆಯ ಕಪಾಟಿಗೆ ಇದೊಂದಕ್ಕೇ ಪೂರ್ತಿ ಮಧ್ಯಾಹ್ನ ಹಿಡಿಯಿತು. ಕೊನೆಗೆ ಎರಡು ಬಾಗಿಲೂ ಒಟ್ಟಿಗೆ ಬಂದು ‘ಟಕ್’ ಎಂದು ಕೂತಾಗ ಆದ ಖುಷಿ ಇನ್ನೂ ನೆನಪಿದೆ.

ಇಷ್ಟಾದ ಮೇಲೂ ಹಿಡಿದರೆ? ಕಾಯಿರಿ. ಶಾನ್ಷಿಯ ಚಳಿಗಾಲದ ಒಣ ಹವೆಯಿಂದ ಬಂದ ಮರ ಸಿಂಗಪುರದ ತೇವಕ್ಕೋ ಮಂಗಳೂರಿನ ಮಳೆಗೋ ಒಗ್ಗಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಬಾಗಿಲು ಉಜ್ಜುವ ಜಾಗಕ್ಕೆ ಸುಮ್ನೆ ಒಂದು ಮೇಣದ ಬತ್ತಿ ತಿಕ್ಕಿ, ಸಾಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವ ತನಕ ಹತ್ತರಿ ಮನೆಯೊಳಗೆ ಬರಬಾರದು.

ಹಲಗೆಯ ಅಂಚಿನ ಬಿಳಿ ಗೆರೆ

ಬಾಗಿಲನ್ನು ಹತ್ತಿರದಿಂದ ನೋಡಿ. ಸುತ್ತ ಚೌಕಟ್ಟು, ನಡುವೆ ಅಗಲ ಹಲಗೆ. ಚೌಕಟ್ಟಿನ ಒಳ ಅಂಚಿನಲ್ಲಿ ಸಣ್ಣ ಕಾಲುವೆ ಕೊರೆದು, ಹಲಗೆಯ ಅಂಚನ್ನು ಅದರೊಳಗೆ ಇಳಿಬಿಟ್ಟಿರುತ್ತಾರೆ. ಚೌಕಟ್ಟಿನ ಮೂಲೆಗಳಲ್ಲಿ ಒಂದು ಮರದ ತುದಿ ಇನ್ನೊಂದರ ತೂತಿಗೆ ಬಿಗಿಯಾಗಿ ಕೂತಿದೆ, ಆದರೆ ಹಲಗೆ ಮಾತ್ರ ಸಡಿಲ. ಒಂದೂವರೆ ಅಡಿ ಅಗಲದ ಹಲಗೆ ತೇವಕ್ಕೆ ಅರ್ಧ ಸೆಂಟಿಮೀಟರ್ ಹಿಗ್ಗುವುದು ದೊಡ್ಡ ಮಾತಲ್ಲ. ಹಿಗ್ಗಿದರೆ ಕಾಲುವೆಯೊಳಗೆ ಸರಿಯುತ್ತದೆ, ಕುಗ್ಗಿದರೆ ಹೊರಬರುತ್ತದೆ.

ಎಸಿ ಕೋಣೆಯಲ್ಲಿ ಹಲಗೆ ಕುಗ್ಗಿದಾಗ, ಬಣ್ಣ ಕಾಣದ ಅಂಚು ಹೊರಬಂದು ದಾರದಷ್ಟು ತೆಳುವಾದ ಬಿಳಿಚು ಗೆರೆ ಕಾಣುತ್ತದೆ. ಜನ ಅದನ್ನು ಬಿರುಕು ಎಂದುಕೊಳ್ಳುತ್ತಾರೆ. ಪುಟ್ಟಿ ತುಂಬುತ್ತಾರೆ, ಫೆವಿಕಾಲ್ ಇಳಿಸುತ್ತಾರೆ, ಹಿಂದಿನಿಂದ ಮೊಳೆ ಹೊಡೆಯುತ್ತಾರೆ. ಮುಂದಿನ ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಕಾಲುವೆಯಲ್ಲಿ ಜಾಗ ಇರುವುದಿಲ್ಲ. ಅದು ಚೌಕಟ್ಟನ್ನು ತಳ್ಳಿ ಮೂಲೆ ಬಿಡಿಸುತ್ತದೆ. ಅಂಚು ಅಂಟಿಕೊಂಡಿದ್ದರೆ, ಮುಂದಿನ ಒಣಗಾಲಕ್ಕೆ ಹಲಗೆ ನಡುವೆಯೇ ಸೀಳುತ್ತದೆ. ಆಗ ಆಗುವುದೇ ನಿಜವಾದ ಬಿರುಕು.

ಗೆರೆ ಕಣ್ಣಿಗೆ ಚುಚ್ಚಿದರೆ ಕಂದು ಮೇಣವನ್ನು ಬಟ್ಟೆಯ ತುದಿಯಲ್ಲಿ ಸವರಿ, ಅಷ್ಟೇ. ಹಿಂದಿನ ಮಾಲೀಕರು ವಾರ್ನಿಶ್ ಬಳಿದು ಅಂಚು ಅಂಟಿಸಿದ್ದರೆ, ತೆಳು ಬಿದಿರ ಕಡ್ಡಿಯನ್ನು ಚೂಪು ಮಾಡಿ ಸುತ್ತಲೂ ಮೆಲ್ಲಗೆ ಆಡಿಸಿ ಬಿಡಿಸಿ. ಬ್ಲೇಡು ಬಳಸಿದರೆ ಹಳೇ ಬಣ್ಣ ಕೆರೆದುಹೋಗುತ್ತದೆ.

ಒರೆಸುವುದು

ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಮೊದಲು ಹಿಂಭಾಗದಲ್ಲಿ ಒಂದು ಅಂಗೈಯಗಲ ಒರೆಸಿ, ಬಟ್ಟೆಗೆ ಬಣ್ಣ ಹತ್ತುತ್ತದೆಯೇ ನೋಡಿ. ಹತ್ತಿದರೆ ಒದ್ದೆ ಬಟ್ಟೆ ಬಿಟ್ಟುಬಿಡಿ.

ಈ ಕಪಾಟುಗಳ ಮೇಲಿನ ಲೇಪ, ಅಂದರೆ ಚೀನೀ ಲ್ಯಾಕರ್, ನಮ್ಮ ಚನ್ನಪಟ್ಟಣದ ಅರಗಿನಂತಲ್ಲ. ಅರಗು ಹುಳದಿಂದ ಬರುತ್ತದೆ. ಇದು ಒಂದು ಮರದ ಹಾಲು, ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ. ನೂರು ವರ್ಷ ಕೈ ತಾಗಿ ಬಂದಿರುವ ಅದರ ಮೆರುಗನ್ನು ಉಪ್ಪುಕಾಗದ ಐದು ನಿಮಿಷದಲ್ಲಿ ತೆಗೆದುಹಾಕುತ್ತದೆ. ಸೀಮೆಎಣ್ಣೆ ಬೇಡ. ಅಗಸೆ ಎಣ್ಣೆ ಬೇಡ, ಧೂಳು ಹಿಡಿದು ಜಿಗುಟಾಗಿ ಕಪ್ಪಾಗುತ್ತದೆ. ‘ಕ್ಷಣದಲ್ಲಿ ಹೊಳಪು’ ಎಂದು ಮಾರುವ ಸಿಲಿಕೋನ್ ಸ್ಪ್ರೇ ಎಲ್ಲಕ್ಕಿಂತ ಕೆಟ್ಟದ್ದು. ಅದು ಒಳಗಿಳಿದರೆ ಮುಂದೆ ಬೇರೆ ಯಾವ ಲೇಪವೂ ಸರಿಯಾಗಿ ಹಿಡಿಯುವುದಿಲ್ಲ. ವರ್ಷಕ್ಕೊಮ್ಮೆ ಜೇನುಮೇಣ, ತೀರಾ ತೆಳುವಾಗಿ.

ಬಾಗಿಲ ಮೇಲಿನ ಹಿತ್ತಾಳೆಯ ದುಂಡು ತಟ್ಟೆ ಕಂಡರೆ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದಯವಿಟ್ಟು ತಡೆದುಕೊಳ್ಳಿ. ಹುಳಿ ಸುತ್ತಲಿನ ಬಣ್ಣ ತಿನ್ನುತ್ತದೆ. ಬೆಳ್ಳಿಯಂತೆ ಬಿಳಿಯಾಗಿದ್ದರೆ ಅದು ತಾಮ್ರ, ನಿಕ್ಕಲ್, ಸತು ಸೇರಿದ ಬಿಳಿ ಲೋಹ ಇರಬಹುದು. ಅದಕ್ಕೂ ಒಣ ಬಟ್ಟೆಯೇ ಸಾಕು.

ಎಲ್ಲಿಡಬೇಕು

ಗೋಡೆಯಿಂದ ನಾಲ್ಕು ಬೆರಳು ದೂರ. ಬಿಸಿಲು ಬೀಳಬಾರದು. ಎಸಿಯ ಗಾಳಿ ನೇರ ಬಡಿಯಬಾರದು. ಟಿವಿ ವೈರಿಗೆಂದು ಹಿಂದಿನ ಹಲಗೆ ಕೊರೆಯಬೇಡಿ. ವೈರಿನ ವಸ್ತು ಬೇರೆ ಕಡೆ ಇಟ್ಟುಕೊಳ್ಳಿ.

ಉಣ್ಣೆ ಬಟ್ಟೆ ಇಡಲು ದಕ್ಷಿಣ ಚೀನಾದ ಕರ್ಪೂರದ ಮರದ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ. ಆರತಿಯ ಕರ್ಪೂರ ಮೊದಲು ಬರುತ್ತಿದ್ದದ್ದು ಇದೇ ಜಾತಿಯ ಮರದಿಂದ. ಹಳೇ ಪೆಟ್ಟಿಗೆಯ ಮುಚ್ಚಳ ತೆಗೆದರೆ ಈಗಲೂ ಘಮ್ಮೆನ್ನುತ್ತದೆ. ಅದರ ಒಳಗೋಡೆಗೆ ಮಾತ್ರ ಮೇಣ, ವಾರ್ನಿಶ್ ಏನೂ ಬಳಿಯಬೇಡಿ, ಘಮ ಮುಚ್ಚಿಹೋಗುತ್ತದೆ.